ಗಟಾರದ ಬಾಯಿಗೊಂದು ಹಲಗೆ

ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳುವ ಮೊದಲ ಪ್ರಶ್ನೆ ಊರು ಯಾವುದು ಎಂಬುದು. ಎರಡನೆಯದು, ಕೆಲಸ ಎಂತದು ಎಂಬುದು. ಮೊದಲನೆಯದಕ್ಕೆ ನಾನು ಎದೆಯುಬ್ಬಿಸಿ ಕುಮಟೆಯ ಹತ್ತಿರ ಎನ್ನುತ್ತೇನೆ. ಎರಡನೆಯದಕ್ಕೆ 'ಕಂಪ್ಯೂಟರ್' ಎಂದು ಗೊಣಗಿ, ಬಡಿಸುವವನು ಬಾರದಿದ್ದರೂ ಬಂದನೇನೋ ಎಂಬಂತೆ ಆ ಕಡೆ ತಿರುಗುತ್ತೇನೆ. ಅಷ್ಟಕ್ಕೇ ಬಿಡುವವರು ಸಜ್ಜನರು. ಕೆಲವರು ಬಿಡುವುದಿಲ್ಲ. 'ಕಂಪ್ಯೂಟರಿನಲ್ಲಿ ಎಂತ?' 'ನಕ್ಷೆ ಮಾಡುವುದು.' 'ಎಂತದರ ನಕ್ಷೆ?' ಇಲ್ಲಿಗೆ ನನ್ನ ಓಟ ಮುಗಿಯುತ್ತದೆ. 'ಗಟಾರದ್ದು' ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಅವರು ಮಾತಾಡುವುದಿಲ್ಲ. ಪಾಯಸ ಬಂದಾಗಲೂ ನನ್ನ ಕಡೆ ನೋಡುವುದಿಲ್ಲ. ನಾನು ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ಮುಂದಾಲೋಚನೆಯಿಂದ 'ಹುಡುಗ ಮ್ಯಾಪಿಂಗ್‌ನಲ್ಲಿದ್ದಾನೆ' ಎಂದಷ್ಟೇ ಹೇಳಿ ಸುಮ್ಮನಾಗಿದ್ದರು. ಸವಿತಾ ಅದನ್ನು ಹಡಗಿನ ನಕ್ಷೆ ಎಂದು ತಿಳಿದಿದ್ದಳಂತೆ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ, ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ ಆ ಹಡಗಿನ ಮಾತು ಎತ್ತುತ್ತಾಳೆ.

ನಮ್ಮದು ಹೊನ್ನಾವರದಲ್ಲಿ ಝೆರಾಕ್ಸ್ ಅಂಗಡಿಯೊಂದರ ಮಾಳಿಗೆಯ ಮೇಲಿರುವ ಸಣ್ಣ ಸರ್ವೆ ಕಚೇರಿ. ಯಜಮಾನರು ಭಟ್ಕಳದ ಜುಬೇರ್ ಸಾಹೇಬರು, ಇಂಜಿನಿಯರು. ನೌಕರ ಎಂದರೆ ನಾನು. ಮೊದಲೆಲ್ಲ ನಾನು ಟೇಪು ಹಿಡಿದು ಓಡಾಡಿ, ಮಟ್ಟ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬಂದು, ಕಾಗದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಅದು ತಪ್ಪಾದರೆ ರಬ್ಬರು ಇತ್ತು. ಐದಾರು ವರ್ಷದ ಹಿಂದೆ ಸಾಹೇಬರು ಸಾಫ್ಟ್‌ವೇರ್ ತಂದರು. ಅದರ ಗುಣಗಾನ ಮಾಡಲು ಬಂದವನೊಬ್ಬ ಎರಡು ದಿನ ನಮ್ಮ ಕಚೇರಿಯಲ್ಲಿ ಕೂತು ಏನೇನು ತೋರಿಸಿದ ಎಂದರೆ, ನನಗೆ ಇಷ್ಟು ವರ್ಷ ನಾನು ಬದುಕಿದ್ದೇ ವ್ಯರ್ಥ ಎನ್ನಿಸಿತು. ಉಪಗ್ರಹದ ಚಿತ್ರದ ಮೇಲೆ ಊರಿನ ಎಲ್ಲ ಗಟಾರಗಳನ್ನೂ ಗೆರೆಯಾಗಿ ಹಾಸಬಹುದು. ಒಂದು ಮೋರಿಯ ಮೇಲೆ ಒತ್ತಿದರೆ ಅದರ ಆಳ, ಅಗಲ, ಯಾವ ವರ್ಷ ಕಟ್ಟಿದ್ದು, ಎಲ್ಲ ಬರುತ್ತದೆ. ನೆಲವನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ಒಳಗಿನ ಪೈಪು ಯಾವ ಕಡೆ ಇಳಿಯುತ್ತದೆ ಎಂದು ಅಡ್ಡದಿಂದ ನೋಡಬಹುದು. ಆಮೇಲೆ ಮಳೆ. ಎಷ್ಟು ಇಂಚು, ಎಷ್ಟು ತಾಸು ಎಂದು ಹೇಳಿದರೆ ಸಾಕು, ಎಸಿ ಕೋಣೆಯಲ್ಲಿ ಕೂತಲ್ಲೇ ಊರಿನ ಮೇಲೆ ಮಳೆ ಸುರಿಸಬಹುದು. ನೀರು ಸಲೀಸಾಗಿ ಹೋಗುವ ಗಟಾರ ಹಸಿರು, ತುಂಬುತ್ತಿದ್ದರೆ ಹಳದಿ, ಉಕ್ಕಿ ಮನೆಯೊಳಗೆ ಹೋದರೆ ಕೆಂಪು. ಇಂದ್ರನಿಗೂ ಇಷ್ಟು ಸೌಕರ್ಯ ಇರಲಿಕ್ಕಿಲ್ಲ. ನನಗೆ ಹಸಿರಿನ ಚಟ ಹಿಡಿದದ್ದು ಆವಾಗಲೇ. ನಮ್ಮ ತಾಲೂಕಿನಲ್ಲಿ ಕೆಂಪು ಕಂಡಲ್ಲೆಲ್ಲ ಗಟಾರವನ್ನು ಒಂದಿಷ್ಟು ಅಗಲ ಮಾಡಿ ಹಸಿರು ಮಾಡುವುದೇ ನನ್ನ ಬಾಳಿನ ಸಾರ್ಥಕ್ಯ ಎಂದು ತಿಳಿದೆ.

ಹೀಗಿರುವಾಗ ನಮ್ಮ ಕೇರಿಯ ಗಟಾರದ ಕೆಲಸವೇ ನಮ್ಮ ಕಚೇರಿಗೆ ಬಂತು. ನಮ್ಮ ಕೇರಿ ಎಂದರೆ ಮೇಲಿನ ರಸ್ತೆಯಿಂದ ಕೆಳಗಿನ ಹೊಳೆಯವರೆಗೆ ಇಳಿಯುವ, ಇಪ್ಪತ್ತು ಮನೆಗಳ ಒಂದು ಓಣಿ. ಹೊಳೆ ಎಂದರೂ ಅದು ಅರ್ಧ ಕಡಲೇ. ಭರತಿಯ ಹೊತ್ತಿಗೆ ಉಪ್ಪುನೀರು ಒಳಕ್ಕೆ ಏರುತ್ತದೆ, ಇಳಿತಕ್ಕೆ ಹೊರಗೆ ಹೋಗಿ ಕೆಸರು ಕಾಣುತ್ತದೆ. ಓಣಿಯ ನಡುವೆ ನಮ್ಮ ಮನೆ. ಕಟ್ಟಕಡೆಗೆ, ಹೊಳೆಯಂಚಿಗೆ, ನಾಗಕ್ಕನ ಮನೆ. ನಾಗಕ್ಕನಿಗೆ ಅರವತ್ತೈದರ ಆಸುಪಾಸು. ಬೆಳಗಾದರೆ ಬುಟ್ಟಿ ಹೊತ್ತು ನಮ್ಮ ಅಂಗಳದಲ್ಲಿ ನಿಂತು 'ಸವಿತಾ, ಬಂಗಡೆ ಅದೆ, ಬೇಕಾ' ಎಂದು ಕೂಗುತ್ತಾಳೆ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದ ಎರಡು ತಿಂಗಳು ಅವಳ ಬುಟ್ಟಿಗೆ ಹಸಿಮೀನು ಬರುವುದಿಲ್ಲ. ಅದಕ್ಕಾಗಿ ಬೇಸಿಗೆಯಿಡೀ ಬಂಗಡೆ, ಶೆಟ್ಲಿ ಎಂಬ ಸಣ್ಣ ಸಿಗಡಿ ಒಣಗಿಸಿ, ಹಿಂದಿನ ಕೋಣೆಯಲ್ಲಿ ಬುಟ್ಟಿಗಳಲ್ಲಿ ತುಂಬಿಡುತ್ತಾಳೆ. ಮಳೆಗಾಲದ ಅವಳ ಬದುಕು ಆ ಬುಟ್ಟಿಗಳಲ್ಲಿದೆ. ಆ ಕೋಣೆ ಇಡೀ ಕೇರಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅದರ ಮಟ್ಟ ಅಳೆದವನು ನಾನೇ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ನನಗೆ ಭರತಿ-ಇಳಿತ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಬೆಂಗಳೂರಿನಿಂದ ಬಂದ ಯಾರಾದರೂ ಈ ತಪ್ಪು ಮಾಡಿದ್ದರೆ ನಾವು ನಕ್ಕು ಬಿಡುತ್ತಿದ್ದೆವು. ಆದರೆ ಹೊರಗಿನವರು ಮಾಡಲು ಸಾಧ್ಯವೇ ಇಲ್ಲದ ತಪ್ಪು ಇದು. ಗಟಾರವು ಹೊಳೆಗೆ ಸೇರುವ ಬಾಯಿ ಭರತಿಯಲ್ಲಿ ನೀರಿನಡಿ ಹೋಗುತ್ತದೆ. ಆಗ ಅಳತೆ ಮಾಡಲು ಹೋದರೆ ಸೊಂಟದವರೆಗೆ ಒದ್ದೆ. ಹಾಗಾಗಿ ಕಡಲತಡಿಯ ಸರ್ವೆಯವರು ಯಾರೂ ಕ್ಯಾಲೆಂಡರು ನೋಡದೆ ಹೊರಡುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಭರತಿ ಮಧ್ಯಾಹ್ನದ ಹೊತ್ತಿಗೆ, ಅಷ್ಟಮಿಗೆ ಅದೇ ಹೊತ್ತಿಗೆ ಇಳಿತ. ಇದು ನಮಗೆ ಮಗ್ಗಿಗಿಂತ ಮೊದಲು ಬರುವ ಲೆಕ್ಕ. ನಾನೂ ಅಡುಗೆಮನೆಯ ಕ್ಯಾಲೆಂಡರು ನೋಡಿ, ಮಾಘದ ಅಷ್ಟಮಿಯ ದಿನ, ಚಪ್ಪಲಿಯೂ ನೆನೆಯದ ಹಾಗೆ ಇಳಿತದಲ್ಲಿ ಹೋಗಿ, ಬಾಯಿಯ ಮಟ್ಟ ಅಳೆದುಕೊಂಡು, ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಮನೆಗೆ ಬಂದೆ. ಭರತಿಯನ್ನು ಎಷ್ಟು ಚೆನ್ನಾಗಿ ತಪ್ಪಿಸಿಕೊಂಡೆ ಎಂದರೆ ಅದು ಇದೆ ಎಂಬುದನ್ನೇ ಕಂಪ್ಯೂಟರಿಗೆ ಹೇಳಲು ಮರೆತೆ.

ಆ ದಿನ ಗಟಾರದ ಬಾಯಲ್ಲಿ ಒಂದು ಹಲಗೆ ಇತ್ತು. ಹಳೇ ದೋಣಿಯದು, ಇನ್ನೂ ಡಾಂಬರಿನ ಕಪ್ಪು ಉಳಿದದ್ದು. ಎರಡು ಬದಿಯ ಚಿರೆಕಲ್ಲಿನಲ್ಲಿ ಕೊರೆದ ಜಾಡಿನಲ್ಲಿ ಅದನ್ನು ಮೇಲಿನಿಂದ ಇಳಿಸಿ, ಸಂದಿಗೆ ಜೇಡಿಮಣ್ಣು ಮೆತ್ತುವ ವ್ಯವಸ್ಥೆ. ಅಷ್ಟಮಿಯಾದ್ದರಿಂದ ಹಲಗೆ ಅರ್ಧ ಎತ್ತಿಟ್ಟಿತ್ತು. ನಾನು ಬಗ್ಗಿ ಅದರ ಫೋಟೋ ತೆಗೆಯುತ್ತಿದ್ದಾಗ ನಾಗಕ್ಕ ಹಿತ್ತಿಲಿಂದ ಕೂಗಿದಳು.

"ತಮಾ, ಎಂತ ಮಾಡ್ತೆ ಅಲ್ಲಿ? ಗಟಾರದಲ್ಲಿ ಎಂತ ಬಿತ್ತು ನಿಂದು?"

"ಅಳತೆ ನಾಗಕ್ಕ. ಹೊಸ ಗಟಾರ ಬತ್ತದೆ, ದೊಡ್ಡದು. ಕಾಂಕ್ರೀಟಿಂದು."

"ಬರ್ಲಿ. ಆ ಹಲಗೆ ಮಾತ್ರ ಮುಟ್ಬೇಡ, ಗೊತ್ತಾತಾ? ಅಮಾಸೆ ಹುಣ್ಣಿಮೆಗೆ ಹೊಳೆ ಮೇಲೆ ಬತ್ತದೆ."

"ಆತು ನಾಗಕ್ಕ."

ಆತು ಎಂಬುದು ನಮ್ಮ ಕಡೆ ಬಹಳ ಅಗ್ಗದ ಮಾತು. ಕೆಲಸ ಮುಗಿದಾಗಲೂ ಆತು, ಶುರುವಾಗುವ ಮೊದಲೂ ಆತು, ಮಾಡುವ ಮನಸ್ಸೇ ಇಲ್ಲದಿದ್ದರೂ ಆತು. ನಾನು ಹೇಳಿದ್ದು ಯಾವ ಜಾತಿಯ ಆತು ಎಂದು ನನಗೇ ಗೊತ್ತಿರಲಿಲ್ಲ. ಕಚೇರಿಗೆ ಬಂದು ಕೂತೆ. ಸಾಫ್ಟ್‌ವೇರಿನಲ್ಲಿ ಗಟಾರದ ಬಾಯಿಗೆ ಒಂದು ಸಣ್ಣ ಚೌಕವಿದೆ. ನೀರು ಹೊರಗೆ ಬೀಳುವ ಜಾಗ ಮುಕ್ತವೋ, ನಿಂತ ನೀರೋ, ಭರತಿಯದೋ ಎಂದು ಅದು ಕೇಳುತ್ತದೆ. ಕೇಳುತ್ತದೆ ಎಂದರೆ, ತಾನೇ 'ಮುಕ್ತ' ಎಂದು ತುಂಬಿಟ್ಟು, ಬೇರೆ ಇದ್ದರೆ ಹೇಳಿ ಎಂದು ಸುಮ್ಮನಿರುತ್ತದೆ. ಬಲು ಸಂಕೋಚದ ಪ್ರಾಣಿ. ನಾನು ಆ ಚೌಕ ತೆರೆದೇ ನೋಡಲಿಲ್ಲ. ಹಲಗೆಯನ್ನು ಏನೆಂದು ನಮೂದಿಸುವುದು ಎಂದು ಮಾತ್ರ ಸ್ವಲ್ಪ ಯೋಚಿಸಿದೆ. ಪಟ್ಟಿಯಲ್ಲಿ ಕಸ, ಮರದ ಬೇರು, ಕುಸಿದ ಗೋಡೆ, ಇತರೆ ಅಡಚಣೆ ಎಂದೆಲ್ಲ ಇತ್ತು. ನಾಗಕ್ಕನ ಹಲಗೆ ಎಂದು ಇರಲಿಲ್ಲ. 'ಇತರೆ ಅಡಚಣೆ' ಎಂದು ಒತ್ತಿದೆ. ಕೂಡಲೇ ನಕ್ಷೆಯ ಮೇಲೆ ಕೆಂಪು ತ್ರಿಕೋನವೊಂದು ಕಾಣಿಸಿಕೊಂಡು, ನಮ್ಮ ಕೇರಿಯ ಕೆಳಗಿನ ಅರ್ಧ ಕೆಂಪಾಯಿತು. ಅಡಚಣೆ ತೆಗೆದರೆ ಹೇಗೆ ಎಂದು ನೋಡುವ ಸೌಲಭ್ಯವೂ ಅದರಲ್ಲಿದೆ. ತೆಗೆದೆ. ಗಟಾರವನ್ನು ಒಂದು ಗೇಣು ಅಗಲ ಮಾಡಿದೆ. ಮೇಲಿನಿಂದ ಒಂದು ಆಷಾಢವನ್ನೇ ಸುರಿಸಿದೆ. ನಮ್ಮ ಕೇರಿ ತುದಿಯಿಂದ ತುದಿಗೆ ಹಸಿರು. ಆ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಸವಿತಾಗೆ ಕಳಿಸಿದೆ. 'ಹಾಲು ತನ್ನಿ' ಎಂದು ಉತ್ತರ ಬಂತು.

ನಮ್ಮ ವರದಿಗಳು ಸಾಮಾನ್ಯವಾಗಿ ಯಾವುದೋ ಕಪಾಟಿನಲ್ಲಿ ಎರಡು ಮೂರು ವರ್ಷ ಕಳೆಯುತ್ತವೆ. ನನ್ನ ಕರ್ಮಕ್ಕೆ ಇದೊಂದು ಮಾತ್ರ ಬೇಗ ಹೊರಬಿತ್ತು. ಮೇ ತಿಂಗಳಲ್ಲಿ ಗುತ್ತಿಗೆದಾರನ ಆಳುಗಳು ಬಂದು ಚಿರೆಕಲ್ಲು ಕಿತ್ತು, ಕಾಂಕ್ರೀಟು ಹಾಕಿ, ವರದಿಯಲ್ಲಿದ್ದ ಹಾಗೆ ಅಡಚಣೆಯನ್ನು ತೆರವುಗೊಳಿಸಿ ಹೋದರು. ಆ ವಾರವಿಡೀ ನಾಗಕ್ಕ ಮಗಳ ಮನೆಗೆಂದು ಕಾಯ್ಕಿಣಿಗೆ ಹೋಗಿದ್ದಳು. ಬಂದ ಮೇಲೆ ಒಂದು ಮಾತು ಕೇಳಿದಳು, 'ತಮಾ, ಹಲಗೆ ಎಲ್ಲಿ?' ಎಂದು. ಹೊಸ ಗಟಾರಕ್ಕೆ ಹಲಗೆಯ ಅಗತ್ಯವಿಲ್ಲ, ಕಂಪ್ಯೂಟರಿನಲ್ಲಿ ನೋಡಿಯಾಗಿದೆ ಎಂದು ನಾನು ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಓದಿದವನು ಹೇಳುತ್ತಿದ್ದಾನೆ ಎಂದು ಮನೆಗೆ ಹೋದಳು. ಆ ನಂಬಿಕೆ ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಜ್ಯೇಷ್ಠದ ಅಮಾವಾಸ್ಯೆಯ ದಿನ ಬೆಳಗಿನಿಂದ ಮಳೆ ಹಿಡಿದಿತ್ತು. ನಾನು ಹೊನ್ನಾವರದ ಕಚೇರಿಯಲ್ಲಿದ್ದೆ. ಹನ್ನೊಂದೂವರೆಯ ಹೊತ್ತಿಗೆ ಸವಿತಾಳ ಫೋನು.

"ನಾಗಕ್ಕನ ಮನೆಗೆ ನೀರು ಬಂತು. ಬೇಗ ಬನ್ನಿ."

"ಸಾಧ್ಯ ಇಲ್ಲ," ಎಂದೆ. "ಅಲ್ಲಿ ಹಸಿರು ಅದೆ."

"ಎಂತ ಹಸಿರು ಮಾರಾಯ್ರೆ? ನೀರು ಕೆಂಪಗೆ ಅದೆ! ಬುಟ್ಟಿ ಎಲ್ಲ ತೇಲ್ತಾ ಅದೆ!"

ಸ್ಕೂಟರಿನಲ್ಲಿ ಹೇಗೆ ಬಂದೆನೋ ತಿಳಿಯದು. ಓಣಿಯ ಕೆಳಗೆ ಇಳಿದರೆ, ನನ್ನ ಹೊಸ ಗಟಾರದಲ್ಲಿ ನೀರು ಭರ್ರೆಂದು ಹರಿಯುತ್ತಿತ್ತು. ಎಷ್ಟು ಚೆಂದದ ಹರಿವು, ಎಲ್ಲೂ ತಡೆಯಿಲ್ಲ, ನಾನು ಲೆಕ್ಕ ಹಾಕಿದ್ದಷ್ಟೇ ವೇಗ. ಹರಿಯುತ್ತಿದ್ದದ್ದು ಮಾತ್ರ ಹೊಳೆಯಿಂದ ಮೇಲಕ್ಕೆ. ಮೇಲಿನಿಂದ ಬಂದ ಮಳೆನೀರು ಅದಕ್ಕೆ ಡಿಕ್ಕಿ ಹೊಡೆದು, ಎರಡೂ ಕೂಡಿ ನಾಗಕ್ಕನ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದವು. ಗಟಾರವನ್ನು ಅಗಲ ಮಾಡಿದ್ದರಿಂದ ಹೊಳೆಗೆ ಬರಲು ಬಹಳ ಅನುಕೂಲವಾಗಿತ್ತು. ಒಳಗೆ ಸವಿತಾ ಮತ್ತು ನೆರೆಯವರು ಸೇರಿ ಬುಟ್ಟಿಗಳನ್ನು ಎತ್ತಿ ಮಂಚದ ಮೇಲೆ ಇಡುತ್ತಿದ್ದರು. ಮೇಲಿನವು ಉಳಿದಿದ್ದವು, ಕೆಳಗಿನ ಸಾಲಿನ ಬಂಗಡೆಯೆಲ್ಲ ನೆಂದು ಮೆತ್ತಗಾಗಿತ್ತು. ಒಣಮೀನು ಒಮ್ಮೆ ನೆಂದರೆ ಮುಗಿಯಿತು, ಮಳೆಗಾಲದಲ್ಲಿ ಮತ್ತೆ ಒಣಗಿಸಲು ಬಿಸಿಲೆಲ್ಲಿ? ನಾಗಕ್ಕ ಒಲೆಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಅವಳು ಬೈಯುತ್ತಾಳೆ ಎಂದು ಕಾದೆ. ನಮ್ಮ ಕೇರಿಯಲ್ಲಿ ಅವಳ ಬೈಗುಳಕ್ಕೆ ನಾಯಿಯೂ ಓಣಿ ಬಿಟ್ಟು ಹೋಗುತ್ತದೆ. ಬೈಯಲಿಲ್ಲ. "ನಿಂಗೆ ಹೇಳಿದ್ದೆ ಅಲ್ಲ ತಮಾ," ಎಂದಳು, ಅಷ್ಟೇ. ನಾನು ಮೊಣಕಾಲು ನೀರಿನಲ್ಲಿ ನಿಂತು, ನೆಲ ಬಾಯ್ಬಿಡಬಾರದೇ ಎಂದುಕೊಂಡೆ. ನೆಲ ಕಾಣುತ್ತಲೇ ಇರಲಿಲ್ಲ.

ಮರುದಿನ ಕಚೇರಿಯಲ್ಲಿ ಆ ಚೌಕವನ್ನು ತೆರೆದೆ. 'ಮುಕ್ತ' ತೆಗೆದು 'ಭರತಿ' ಎಂದು ಮಾಡಿದೆ. ಎಷ್ಟು ಹೊತ್ತಿಗೆ ಎಷ್ಟು ಮಟ್ಟ ಎಂದು ಕೇಳಿತು. ತುಂಬಿದೆ. ಅರೆ ನಿಮಿಷದಲ್ಲಿ ನಮ್ಮ ಕೇರಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮನೆಯಾಗಿ ಕೆಂಪಾಗುತ್ತ ಬಂತು. ನಾಗಕ್ಕನ ಹಿಂದಿನ ಕೋಣೆಯೇ ಮೊದಲು. ಕಂಪ್ಯೂಟರಿಗೆ ಎಲ್ಲ ಗೊತ್ತಿತ್ತು, ನಾನು ಕೇಳಿರಲಿಲ್ಲ. ಸಾಹೇಬರನ್ನು ಕರೆದು ತೋರಿಸಿ, ಕೆಲಸ ಬಿಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. "ಅರೇ, ನಾನು ಹುಟ್ಟಿದ್ದೇ ಬಂದರಿನ ಹತ್ತಿರ. ವರದಿಗೆ ಸಹಿ ಹಾಕಿದವ ನಾನು. ನಂಗೂ ಹೊಳೀಲಿಲ್ಲ ನೋಡಿ," ಎಂದರು. ಆಮೇಲೆ ಅವರ ಮುಖ ಒಮ್ಮೆಲೇ ಸಪ್ಪಗಾಯಿತು. "ಭಟ್ಕಳದಲ್ಲಿ ನಮ್ಮ ಮನೆ ಹಿಂದಿನ ಗಟಾರ ಮಾಡಿದ್ದೂ ನೀವೇ ಅಲ್ಲಾ?" ನಾನು ಹೌದು ಎಂದೆ. ಅವರು ಮನೆಗೆ ಫೋನು ಮಾಡಲು ಹೊರಗೆ ಹೋದರು. ತಮ್ಮ ಮನೆಮಾತು ನವಾಯತಿಯಲ್ಲಿ ಅವರು ಆಡಿದ್ದು ನನಗೆ ಅರ್ಥವಾಗಲಿಲ್ಲ, ಧ್ವನಿ ಅರ್ಥವಾಯಿತು.

ಪರಿಹಾರ ಸಾಫ್ಟ್‌ವೇರಿನಲ್ಲೇ ಇತ್ತು. ಗಟಾರದ ಬಾಯಿಗೆ ಬಾಗಿಲು ಇಡುವ ಸೌಲಭ್ಯ. ಹೊಳೆಯ ನೀರು ಏರಿದಾಗ ಮುಚ್ಚು, ಇಳಿದಾಗ ತೆರೆ ಎಂದು ಒಂದು ಸಾಲು ಬರೆದರೆ ಸಾಕು, ಅದು ತಪ್ಪದೆ ಹಾಗೇ ಮಾಡುತ್ತದೆ. ಬರೆದೆ. ಕೇರಿ ಹಸಿರಾಯಿತು. ನಾಗಕ್ಕ ಮದುವೆಯಾಗಿ ಬಂದಾಗಿನಿಂದ ಕೈಯಲ್ಲಿ ಮಾಡುತ್ತಿದ್ದದ್ದನ್ನೇ ನಾನು ಇಪ್ಪತ್ತು ಅಕ್ಷರಗಳಲ್ಲಿ ಬರೆದಿದ್ದೆ. ಆದರೆ ನಿಜವಾದ ಕಬ್ಬಿಣದ ಬಾಗಿಲಿಗೆ ಅರ್ಜಿ, ಅಂದಾಜು, ಮಂಜೂರಿ ಎಲ್ಲ ಆಗಬೇಕು. 'ಮಳೆ ಮುಗಿದ ಮೇಲೆ ನೋಡುವ' ಎಂದು ಉತ್ತರ ಬಂತು. ಹುಣ್ಣಿಮೆಗೆ ಹದಿಮೂರು ದಿನ ಇತ್ತು. ನಾಗಕ್ಕನ ಹಳೇ ಹಲಗೆಯನ್ನು ಹುಡುಕಿಕೊಂಡು ಹೋದೆ. ಗುತ್ತಿಗೆದಾರನ ಶೆಡ್ಡಿನ ಹಿಂದೆ, ಮೈತುಂಬ ಸಿಮೆಂಟು ಮೆತ್ತಿಕೊಂಡು ಬಿದ್ದಿತ್ತು. ಸ್ಕೂಟರಿಗೆ ಅಡ್ಡ ಕಟ್ಟಿಕೊಂಡು ತಂದು ಗಟಾರದ ಬಾಯಿಗೆ ಹಿಡಿದರೆ, ಸರಿಯಾಗಿ ಒಂದು ಗೇಣು ಕಡಿಮೆ. ಆ ಗೇಣು ಯಾರದೆಂದು ನಿಮಗೆ ಗೊತ್ತೇ ಇದೆ. ಕಾಂಕ್ರೀಟಿನಲ್ಲಿ ಜಾಡೂ ಇರಲಿಲ್ಲ. ಕೊನೆಗೆ ದೋಣಿ ಮಾಡುವ ಆಚಾರಿಯ ಕೈಕಾಲು ಹಿಡಿದು ಅಗಲದ ಹೊಸ ಹಲಗೆ ಮಾಡಿಸಿದೆ. ಅದನ್ನು ಜಾಡಿಲ್ಲದೆ ನಿಲ್ಲಿಸಲು ಒಂದೇ ದಾರಿ, ಹಿಂದೆ ಮರಳಿನ ಚೀಲ ಒಟ್ಟಿ, ಅದರ ಹಿಂದೆ ಒಬ್ಬರು ಭುಜ ಕೊಟ್ಟು ನಿಲ್ಲುವುದು.

"ಯಾರು ನಿಲ್ಲೂದು?" ಎಂದು ಸವಿತಾ ಕೇಳಿದಳು.

"ಎಂತ ಕೇಳ್ತೆ ಸವಿತಾ," ಎಂದು ನಾಗಕ್ಕ ನನ್ನ ಪರವಾಗಿ ಉತ್ತರ ಕೊಟ್ಟಳು. "ಇಷ್ಟು ವರ್ಷ ನಾ ಹಾಕ್ದೆ. ಗಟಾರ ಅಗಲ ಮಾಡಿದ್ದು ಯಾರು? ಅವನೇ ಹಾಕ್ಲಿ."

ಹುಣ್ಣಿಮೆಯ ದಿನ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಾನು ಗಟಾರದಲ್ಲಿ ನಿಂತೆ. ದಡದ ಮೇಲೆ ನಾಗಕ್ಕ ಕೊಡೆ ಹಿಡಿದು ಕೂತು ನನಗೆ ಕೆಲಸ ಕಲಿಸಿದಳು. "ಬಲಗಡೆ ಒತ್ತು. ಅಷ್ಟಲ್ಲ. ಜೇಡಿ ಹಾಕು. ಈಗ ಹೊಳೆ ಇಳೂಕೆ ಶುರು ಆತು, ಎತ್ತು ಎತ್ತು, ಇಲ್ದಿದ್ರೆ ಮೇಲಿನ ಮಳೆನೀರು ನನ್ನ ಮನೆಗೇ ಬತ್ತದೆ." ಹೊಳೆ ಇಳಿಯುವುದು ಅವಳಿಗೆ ಹೇಗೆ ತಿಳಿಯಿತೋ, ನನಗೆ ನೀರೆಲ್ಲ ಒಂದೇ ಕಂಡಿತು. ಮುಚ್ಚುವ ಹೊತ್ತು ತಪ್ಪಿದರೆ ಹೊಳೆ, ತೆರೆಯುವ ಹೊತ್ತು ತಪ್ಪಿದರೆ ಮಳೆ, ಎರಡರ ನಡುವೆ ಅವಳ ಉಳಿದ ಬುಟ್ಟಿಗಳು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಒಬ್ಬರು 'ಎಂತ ಬಿತ್ತಾ?' ಎಂದು ಕೇಳಿದರು. ಏನೂ ಬಿದ್ದಿಲ್ಲ, ಕೆಲಸದಲ್ಲಿದ್ದೇನೆ ಎಂದೆ. ಆ ದಿನ ಅವಳ ಕೋಣೆಗೆ ನೀರು ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾಗಕ್ಕ ನಮ್ಮ ಅಂಗಳಕ್ಕೆ ಬಂದು, ಉಳಿದದ್ದರಲ್ಲಿ ಒಂದು ಹಿಡಿ ಶೆಟ್ಲಿ ಸವಿತಾಳ ಕೈಗೆ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ "ಇವತ್ತು ಹನ್ನೆರಡೂಕಾಲಿಗೆ," ಎಂದು ಹೇಳಿ ಹೋದಳು.

ಕಳೆದ ವಾರ ಸಾಹೇಬರು ತಿದ್ದಿದ ವರದಿ ಕೇಳಿದರು. ಸಾಫ್ಟ್‌ವೇರ್ ಪ್ರತಿಯೊಂದು ಭಾಗದ ಜಾತಕ ಬೇಡುತ್ತದೆ. ಬಾಗಿಲಿನ ಚೌಕ ತೆರೆದೆ. 'ವಿಧ' ಎಂದಿತ್ತು. ಕೈಯಿಂದ ನಡೆಯುವುದು ಎಂದು ಬರೆದೆ. 'ನಡೆಸುವವರು' ಎಂದಲ್ಲಿ ನನ್ನ ಹೆಸರು. 'ಈಗಿನ ಸ್ಥಿತಿ' ಎಂದಲ್ಲಿ ಬಹಳ ಹೊತ್ತು ಯೋಚಿಸಿ 'ಸಾಧಾರಣ' ಎಂದು ಒತ್ತಿದೆ. ಹಿಂದೆ ನಿಂತು ನೋಡುತ್ತಿದ್ದ ಸಾಹೇಬರು ನನ್ನ ಕೆಮ್ಮು ಕೇಳಿ ಅದನ್ನು 'ದುರಸ್ತಿ ಅಗತ್ಯ' ಎಂದು ಬದಲಿಸಿದರು. 'ಬದಲಿ ಭಾಗ' ಎಂದಲ್ಲಿ ಲಭ್ಯವಿಲ್ಲ. ಕೊನೆಗೆ 'ಉಳಿದ ಆಯುಷ್ಯ, ವರ್ಷಗಳಲ್ಲಿ' ಎಂದು ಕೇಳಿತು. ನನಗೆ ಐವತ್ತೊಂದು. ಅರವತ್ತಕ್ಕೆ ಲೆಕ್ಕ ಹಾಕಿ ಒಂಬತ್ತು ಎಂದು ಬರೆದೆ. ಸಾಫ್ಟ್‌ವೇರ್ ಒಪ್ಪಲಿಲ್ಲ. ಗಟಾರದ ಆಯುಷ್ಯ ಮೂವತ್ತು ಇರುವಾಗ ಬಾಗಿಲು ಅದಕ್ಕಿಂತ ಮೊದಲು ಹೋದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆಯಂತೆ. "ಮೂವತ್ತು ಹಾಕಿ ಮಾರಾಯ್ರೆ, ಮಂಜೂರಿ ಬಂದರೆ ಆಮೇಲೆ ಬದಲಿಸುವ," ಎಂದರು ಸಾಹೇಬರು. ಹಾಕಿದೆ. ನಮ್ಮ ಕಡೆ ಮಂಜೂರಿ ಬರುವ ಬಗೆಯನ್ನು ನಾನೂ ಅವರೂ ಇಬ್ಬರೂ ಬಲ್ಲೆವು. ಎಂಬತ್ತೊಂದನೆಯ ವಯಸ್ಸಿನವರೆಗೆ ಪ್ರತಿ ಅಮಾವಾಸ್ಯೆಗೂ ಪ್ರತಿ ಹುಣ್ಣಿಮೆಗೂ ಗಟಾರದಲ್ಲಿ ಭುಜ ಕೊಟ್ಟು ನಿಲ್ಲುವುದು ನನ್ನ ಹೊಣೆ ಎಂದು ಈಗ ದಾಖಲೆಯಾಗಿದೆ. ನಾಳೆ ಚತುರ್ದಶಿ, ಭರತಿ ಹತ್ತೂಕಾಲಿಗೆ. ಕಚೇರಿಗೆ ರಜೆ ಅರ್ಜಿ ಬರೆದಿಟ್ಟಿದ್ದೇನೆ. ಕಾರಣ ಎಂಬ ಜಾಗದಲ್ಲಿ 'ನಾನು ಗಟಾರದ ಬಾಗಿಲಾಗಿರುವುದರಿಂದ' ಎಂದು ಬರೆಯಲು ಧೈರ್ಯ ಸಾಲದೆ, 'ಮನೆಯಲ್ಲಿ ತುರ್ತು ಕೆಲಸ' ಎಂದು ಬರೆದಿದ್ದೇನೆ.